ದೂರು ಕೇಳಿಕೊಂಡು ಹೊರಟ ನೀರಿನ ಉಮಾನಾಥ

ಮರವಂತೆಯಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಉಮಾನಾಥ ಮೊಗವೀರರು ರಸ್ತೆ ಬದಿಯ ಗುಂಡಿಯ ಮುಂದೆ ಮೊಣಕಾಲೂರಿ ವಾಲ್ವ್ ತಿರುಗಿಸುತ್ತಾರೆ, ಪೈಪಿಗೆ ಕಿವಿ ಇಡುತ್ತಾರೆ. ಗಾಳಿಯ ಸದ್ದು ಅಡಗಿ ನೀರಿನ ಸದ್ದು ಏಳುತ್ತದೆ. ಸಾಲಿನ ಕೊನೆಯ ಮನೆಯಲ್ಲಿ ಕೊಡಕ್ಕೆ ನೀರು ಬಿದ್ದದ್ದು ಕೇಳಿದ ಮೇಲೆಯೇ ಅವರು ಎದ್ದು ಮಣ್ಣು ಕೊಡವುವುದು.

ಕಡಲೂ ಹೊಳೆಯೂ ಕೂಗಳತೆಯಲ್ಲಿದ್ದರೂ ಈ ಕೇರಿಯ ಬಾವಿನೀರು ಉಪ್ಪು. ಪಂಚಾಯತ್ ನಳ್ಳಿಯೇ ಗತಿ. ದೋಣಿ ಬಿಟ್ಟು ಈ ಕೆಲಸಕ್ಕೆ ಸೇರಿದ ಉಮಾನಾಥರು ಇಪ್ಪತ್ತು ವರ್ಷಗಳಿಂದ ಸುಮಾರು ಇನ್ನೂರು ಮನೆಗಳಿಗೆ ನೀರು ಬಿಡುತ್ತಿದ್ದಾರೆ. ಪೈಪ್ ಒಡೆದರೆ ಯಾರೂ ಕಚೇರಿಗೆ ಹೋಗುವುದಿಲ್ಲ. ಅಂಗಳದಲ್ಲಿ ನಿಂತು "ಹ್ವಾಯ್" ಎಂದರೆ ಸಾಕು.

ತೊಡಕಾದದ್ದು ಅಲ್ಲೇ. ಈ ವರ್ಷ ಸಿಬ್ಬಂದಿಯ ಕೆಲಸಕ್ಕೆ ಅಂಕ ಕೊಡುವ ಪದ್ಧತಿ ಬಂತು. ಪರಿಹರಿಸಿದ ದೂರುಗಳೇ ಅಂಕ. ದೂರೇ ಇಲ್ಲದ ಉಮಾನಾಥರಿಗೆ ಸೊನ್ನೆ. ಹೀಗೇ ಆದರೆ ನೀರಿನ ಕೆಲಸ ಬೇರೆಯವರಿಗೆ, ನಿಮಗೆ ಕಚೇರಿ ಬಾಗಿಲಿನ ಕುರ್ಚಿ ಎಂದು ಅಭಿವೃದ್ಧಿ ಅಧಿಕಾರಿ ಸೌಜನ್ಯ ಬೇಸರದಿಂದಲೇ ತಿಳಿಸಿದರು.

"ಕೂಕಂಡ್ ಸಂಬಳ ತಕಂಬುಕೆ ನಂಗ್ ಬತ್ತಿಲ್ಲೆ," ಎನ್ನುತ್ತಾರೆ ಉಮಾನಾಥರು.

ಮನೆಮನೆಗೆ ಹೋದರು. ಕಾರಣ ಹೇಳಲು ನಾಚಿಕೆ. ನನ್ನ ಮೇಲೊಂದು ದೂರು ಕೊಡಿ ಎಂದಷ್ಟೇ ಕೇಳಿಕೊಂಡರು. ಕೇರಿಯವರು ಕಂಗಾಲಾದರು. ಅವರ ಪಾಲಿಗೆ ದೂರೆಂದರೆ ಬೈಗುಳವಿದ್ದಂತೆ. ಮೀನು ಮಾರುವ ಅಮ್ಮಣ್ಣಿ ತಲೆಯ ಬುಟ್ಟಿ ಇಳಿಸಿಯೇ ಗದರಿದರು: "ನಿನ್ ಮೇಲ್ ದೂರ್ ಕೊಟ್ರೆ ನನ್ ಬಾಯಗೆ ಹುಳ ಬೀಳ್ಗ್, ಮಗಾ."

ಕುರ್ಚಿಯ ಸುದ್ದಿ ಹೇಗೋ ಹೊರಬಿತ್ತು. ಆಮೇಲೆ ಕಚೇರಿಯ ಫೋನಿಗೆ ಬಿಡುವಿಲ್ಲ. ನಳ್ಳಿ ಸೋರಿತ್ತು, ಉಮಾನಾಥಣ್ಣ ಆಗಲೇ ಸರಿ ಮಾಡಿದ್ದಾನೆ, ಅವನದೇನೂ ತಪ್ಪಿಲ್ಲ ಎಂದು ಒಬ್ಬರಾದ ಮೇಲೊಬ್ಬರು ದೂರಿದರು. ಸೌಜನ್ಯ ನಗುತ್ತಲೇ ಬರೆದುಕೊಂಡರು. ಒಂದು ಬೆಳಿಗ್ಗೆ ತಾವೇ ಬಂದು ಉಮಾನಾಥರೊಂದಿಗೆ ಸಾಲು ಸುತ್ತಿದರು. ದೂರು ಬಾರದಂತೆ ನೋಡಿಕೊಳ್ಳುವುದೂ ಕೆಲಸವೇ ಎಂದು ಮೇಲಿನವರನ್ನು ಒಪ್ಪಿಸಿದರು. ವಾಲ್ವ್ ಉಮಾನಾಥರ ಕೈಯಲ್ಲೇ ಉಳಿಯಿತು.

ಒಂದು ದೂರು ಮಾತ್ರ ಬಾಕಿ. ಕೊಟ್ಟವರು ಅಮ್ಮಣ್ಣಿ: ಪೈಪ್ ಸರಿ ಮಾಡಿದ ಉಮಾನಾಥ ಚಾ ಕುಡಿಯದೆ ಹೋಗುತ್ತಾನೆ. ಇದನ್ನೂ ಪರಿಹರಿಸಲೇಬೇಕೆಂದು ಸೌಜನ್ಯ ಹೇಳಿ ಕಳಿಸಿದ್ದಾರೆ.

ಹಾಗಾಗಿ ಇಂದು ಉಮಾನಾಥರು ಅಮ್ಮಣ್ಣಿಯ ಜಗಲಿಯಲ್ಲಿ ಕೂತಿದ್ದಾರೆ. ಅಮ್ಮಣ್ಣಿ ಎರಡನೇ ಲೋಟ ಹಿಡಿದು ನಿಂತಿದ್ದಾರೆ.

"ಸಕ್ರಿ ಚೂರ್ ಕಮ್ಮಿ ಹಾಕಿ ಅಮ್ಮಣ್ಣಕ್ಕ," ಎನ್ನುತ್ತಾರೆ ಉಮಾನಾಥ. "ನಾ ಇನ್ನೂ ಸುಮಾರ್ ವರ್ಷ ನೀರ್ ಬಿಡ್ಕ್."