ದೇವರಗುಂಡಿಯ ಮೀನೂ ನನ್ನ ಬಾಯಿಯೂ

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮೇಡಂ ತಯಾರಿಸಿದ ಹೊಳೆಮೀನುಗಳ ನಕ್ಷೆಯಲ್ಲಿ ದೇವರಗುಂಡಿ ಇರಬೇಕಾದ ಜಾಗ ಖಾಲಿ ಉಳಿದದ್ದು ನನ್ನ ಬಾಯಿಂದ. ಮಳೆಯಿಂದಲ್ಲ, ಇಲಾಖೆಯಿಂದಲ್ಲ. ‘ಸ್ಥಳೀಯ ಕಾರಣಗಳಿಂದ ಮಾದರಿ ಸಿಗಲಿಲ್ಲ’ ಎಂದು ಅವರು ತಮ್ಮ ಪ್ರಬಂಧದಲ್ಲಿ ಬರೆದುಕೊಂಡಿದ್ದಾರೆ. ಆ ಸ್ಥಳೀಯ ಕಾರಣ ನಾನೇ. ಓದಿದ್ದು ಬಿ.ಎಸ್ಸಿ., ಕೆಲಸ ಮೀನಿನ ಡಿಎನ್‌ಎ ಸಂಗ್ರಹಿಸುವ ಯೋಜನೆಯಲ್ಲಿ ಸಹಾಯಕ, ಚಟ ಕಂಡವರ ದನಿ ಕದಿಯುವುದು.

ನಮ್ಮ ಮನೆ ಶಿರಸಿ ಪೇಟೆಯಲ್ಲಿ. ಅಬ್ಬಾ ಬಾಡಿಗೆಗೆ ಟೆಂಪೋ ಓಡಿಸುತ್ತಾರೆ. ಅಡಿಕೆ ಚೀಲ ಹೇರಲು ತೋಟದ ಮನೆಗಳಿಗೆ ಹೋಗುವಾಗ, ಶಾಲೆಗೆ ರಜೆಯಿದ್ದರೆ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಚೀಲ ತೂಗಿ ಮುಗಿಯುವ ತನಕ ಅಂಗಳದಲ್ಲಿ ನನಗೆ ಬೇರೆ ಕೆಲಸವಿರಲಿಲ್ಲ. ಆ ಮನೆಯವರ ಮಾತನ್ನು ಕಿವಿಗೆ ತುಂಬಿಕೊಂಡೆ. ಆನು, ಇಲ್ಲೆ, ಎಂತ, ಹೋಗ್ತೆ. ಹುಡುಗ ಅಲ್ಲಿ ಮಾಣಿ, ಹುಡುಗಿ ಕೂಸು, ‘ಅಂತ’ ಎನ್ನುವುದು ‘ಹೇಳಿ’. ಯಲ್ಲಾಪುರ ಬಸ್ಸಿನ ಕಂಡಕ್ಟರನ ಸೀಟಿಯನ್ನೂ ‘ಬರ್ರಿ ಯಜಮಾನ್ರ’ ಎನ್ನುವ ಹಾವೇರಿ ಕಡೆಯ ಈರುಳ್ಳಿಯವನನ್ನೂ ಕಲಿತಿದ್ದೆ. ಆದರೆ ತೋಟದ ಮನೆಗಳ ಮಾತು ಬೇರೆಯೇ ಸಂಗತಿ. ಅದು ಒಂದು ಊರಿನ ಮಾತಲ್ಲ, ಒಂದು ಜನದ ಮಾತು, ತೋಟದ ಬ್ರಾಹ್ಮಣರ ಮನೆಮಾತು. ಅದನ್ನು ತಪ್ಪಿಲ್ಲದೆ ಆಡಿದವನು ಅವರವನೇ ಎಂದು ಎಲ್ಲರೂ ತಿಳಿಯುತ್ತಾರೆ; ಮತ್ತೆ ಹೆಸರು ಕೇಳುವುದಿಲ್ಲ. ನನ್ನನ್ನು ಅಣಕಿಸಲು ಮಾತ್ರ ಈವರೆಗೆ ಯಾರಿಗೂ ಆಗಿಲ್ಲ. ಅಣಕಿಸುವುದಕ್ಕೆ ಒಳಗೆ ಸರಕೇ ಇಲ್ಲ ಎನ್ನುತ್ತಾಳೆ ತಂಗಿ.

ಯೋಜನೆ ನಡೆಸುವ ಮೇಡಂ ಮೈಸೂರು ಕಡೆಯವರು. ಕಾನಸೂರಿನ ಹಳ್ಳಗಳಿಂದ ಮಂಚಿಕೇರಿಯ ಹೊಳೆಯವರೆಗೆ ನಾವು ಜೀಪಿನಲ್ಲಿ ಅಲೆದೆವು. ಮೀನು ಹಿಡಿಯುವುದು, ರೆಕ್ಕೆಯ ತುದಿಯಿಂದ ಉಗುರಿನಷ್ಟು ಚೂರು ಕತ್ತರಿಸಿ ಸ್ಪಿರಿಟ್ ತುಂಬಿದ ಶೀಷೆಗೆ ಹಾಕುವುದು, ಕಿವಿರು ಎತ್ತಿ ಅಲ್ಲಿ ಕಚ್ಚಿಕೊಂಡ ಹೇನು ಇದ್ದರೆ ಚಿಮುಟದಲ್ಲಿ ಎತ್ತಿಕೊಳ್ಳುವುದು, ಮೀನನ್ನು ನೀರಿಗೆ ಬಿಡುವುದು. ಮೀನು ಎಲ್ಲಿಂದ ಬಂತು ಎನ್ನುವುದಕ್ಕೆ ಅದರ ಡಿಎನ್‌ಎ ಒಂದು ಸಾಕ್ಷಿಯಾದರೆ, ಅದರ ಮೈಮೇಲೆ ಬಿಟ್ಟಿ ಸವಾರಿ ಮಾಡುವ ಹೇನಿನದು ಇನ್ನೊಂದು. ಯೋಜನೆಯ ಜೀಪು, ಯೋಜನೆಯ ಊಟ. ಹೇನನ್ನು ಕಂಡಾಗ ನನಗೆ ನೆಂಟರನ್ನು ಕಂಡಂತಾಗುತ್ತಿತ್ತು.

ತೊಂದರೆ ಏನೆಂದರೆ, ನೋಡಿದ ಹೊಳೆಗಳಲ್ಲೆಲ್ಲ ಮೀನು ಬೆರಕೆಯಾಗಿತ್ತು. ಎಲ್ಲಿಂದಲೋ ತಂದು ಬಿಟ್ಟ ಸಾಕು ಮರಿಗಳು ಹಳೆಯ ಮೀನಿನ ಜೊತೆ ಕೂಡಿಹೋಗಿದ್ದವು. ಅಸಲು ಯಾವುದೆಂದು ಗೊತ್ತಿಲ್ಲದೆ ಬೆರಕೆ ಎಷ್ಟೆಂದು ಹೇಳುವುದು ಹೇಗೆ? ಅಸಲು ಉಳಿದಿದ್ದರೆ ಅದು ಒಂದೇ ಕಡೆ: ಭೈರುಂಬೆಯಾಚೆ, ಶಾಲ್ಮಲೆಗೆ ಸೇರುವ ಹಳ್ಳವೊಂದರಲ್ಲಿ, ದೇವಸ್ಥಾನದ ಮೆಟ್ಟಿಲ ಕೆಳಗಿನ ದೇವರಗುಂಡಿಯಲ್ಲಿ. ಅಲ್ಲಿ ಯಾರೂ ಮೀನು ಹಿಡಿಯುವುದಿಲ್ಲ, ಹೊರಗಿನ ಮರಿ ಬಿಡುವುದೂ ಇಲ್ಲ. ಬರೀ ಮಂಡಕ್ಕಿ ಹಾಕಿ ಕೈಮುಗಿಯುತ್ತಾರೆ. ಆ ಗುಂಡಿಯ ಮೀನು ಸಿಗದಿದ್ದರೆ ಮೇಡಂ ಅವರ ಇಷ್ಟು ವರ್ಷಗಳ ಓಡಾಟಕ್ಕೆ ಬುಡವೇ ಇಲ್ಲ.

ಅಪ್ಪಣೆ ಕೊಡಬೇಕಾದವರು ಮೊಕ್ತೇಸರರು, ದೇವಸ್ಥಾನದ ಆಡಳಿತ ನೋಡುವ ಹಿರಿಯರು. ಮೇಡಂ ಹೇಳಿದ್ದು ಅವರಿಗೆ ಅರ್ಥವಾಗಲಿಲ್ಲ, ಅವರು ಹೇಳಿದ್ದು ಮೇಡಂಗೆ ಅರ್ಥವಾಗಲಿಲ್ಲ, ಎರಡೂ ಕನ್ನಡವೇ. ನಾನು ನಡುವೆ ಬಾಯಿ ಹಾಕಿದೆ.

“ಮೀನಿಗೆ ಎಂತಾ ಆಗ್ತಿಲ್ಲೆ. ರೆಕ್ಕೆ ತುದಿಯ ಒಂದು ಚೂರು ತಗತ್ಯ, ಮತ್ತೆ ನೀರಿಗೇ ಬಿಡ್ತ್ಯ.”

ಮೊಕ್ತೇಸರರು ಕನ್ನಡಕ ಏರಿಸಿಕೊಂಡು ನನ್ನನ್ನು ನೋಡಿದರು. “ಯಾವೂರಾತು ತಮಾ?”

“ಆನು ಇಲ್ಲೇ ಶಿರಸಿಯವ.”

“ಓಹೋ, ನಮ್ಮ ಮಾಣಿನೇಯ! ಮೊದ್ಲೇ ಹೇಳಕಾಗಿತ್ತಪ. ಹೊರಗೆಂತಕ್ಕೆ ನಿಂತಿದ್ದೆ? ಬಾ ಒಳಗೆ. ಆಸ್ರಿಗೆ ಎಂತ ಕುಡಿತೆ?”

ಅಲ್ಲ ಎನ್ನಲು ಒಂದು ಶಬ್ದ ಸಾಕಿತ್ತು. ಅದರ ಬದಲು ನನ್ನ ಬಾಯಿಂದ ಬಂದದ್ದು “ಮಜ್ಜಿಗೆ ಆಗ್ತು” ಎಂದು. ಅಬ್ಬಾ ಟೆಂಪೋದ ಬಳಿ ನಿಂತೇ ಚಹಾ ಕುಡಿಯುತ್ತಿದ್ದ ಎಷ್ಟೋ ಅಂಗಳಗಳನ್ನು ದಾಟಿ ನಾನು ಆ ದಿನ ಒಳಗೆ ಕಂಬಳಿಯ ಮೇಲೆ ಕೂತು ಮಜ್ಜಿಗೆ ಕುಡಿದೆ. ರುಚಿಯಾಗಿತ್ತು. ಆ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ.

“ನಮ್ಮ ಮಾಣಿ ಜೊತಿಗಿದ್ದ ಹೇಳಾದ್ರೆ ಅಡ್ಡಿಲ್ಲೆ” ಎಂದು ಅಪ್ಪಣೆಯಾಯಿತು.

ಜೀಪು ಹತ್ತಿದ ಮೇಲೆ ಮೇಡಂ ಕೇಳಿದರು, “ಏನ್ ಮಂತ್ರ ಹಾಕ್ದೆಯೋ?” ನಡೆದದ್ದನ್ನು ಮೊಕ್ತೇಸರರ ದನಿಯಲ್ಲೇ ಆಡಿ ತೋರಿಸಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಸ್ವಲ್ಪ ಯೋಚಿಸಿ, “ಕೆಲಸ ಆಗೋವರ್ಗೂ ಹೀಗೇ ಇರ್ಲಿ” ಎಂದರು. ಹಾಗಾಗಿ ನಾನು ಹಾಗೇ ಇದ್ದೆ. ಸಂಶೋಧನೆಯ ಸಲಕರಣೆಗಳಲ್ಲಿ ಬಲೆ, ಚಿಮುಟ, ಶೀಷೆ, ನಂತರ ನಾನು.

ಮೀನು ಹಿಡಿಯುವ ದಿನ ಮೊಕ್ತೇಸರರು ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಎರಚುತ್ತಿದ್ದರು. ಮೀನು ಮುಗಿಬಿದ್ದಲ್ಲಿ ನಾನು ಬಲೆ ಎತ್ತುತ್ತಿದ್ದೆ. ಹಿಡಿದವನ್ನು ನೀರಿನಲ್ಲೇ ಮುಳುಗಿಸಿಟ್ಟ ಬುಟ್ಟಿಗೆ ಬಿಟ್ಟು ಮೇಡಂ ಒಂದೊಂದಾಗಿ ಕತ್ತರಿ ತಾಗಿಸುತ್ತಿದ್ದರು.

“ಮದ್ವೆ ಆಜಾ ತಮಾ?”

“ಇಲ್ಲೆ. ಮೀನೂ ಬಲೆಗೆ ಬತ್ತಿಲ್ಲೆ, ಕೂಸೂ ಬತ್ತಿಲ್ಲೆ.”

ಅವರು ನಕ್ಕು ಕೆಮ್ಮಿದರು. ಯಾರೋ ಒಬ್ಬರ ಮನೆಯಲ್ಲಿ ಕೂಸಿದೆ, ವಿಚಾರಿಸುತ್ತೇನೆ ಎಂದರು. ಅಷ್ಟರಲ್ಲಿ ದೇವಸ್ಥಾನದ ಅಡಿಗೆಮನೆಗೆ ಗ್ಯಾಸ್ ಸಿಲಿಂಡರ್ ತಂದ ಗಾಡಿ ಬಂದು ನಿಂತಿತು. ಡ್ರೈವರು ಪೇಟೆಯವನು, ಅಬ್ಬಾನ ಸ್ನೇಹಿತ. ಮೇಲಿನಿಂದಲೇ ನನ್ನನ್ನು ಕಂಡ.

“ಓ ಮಿಮಿಕ್ರೀ! ಇಲ್ಲಿ ಎಂತ ಮಾಡ್ತಿದೀಯೋ ನೀರಲ್ಲಿ? ಅಬ್ಬಾ ಹೆಂಗಿದಾರೆ? ಹಬ್ಬಕ್ಕೆ ಬಿರಿಯಾನಿ ಕಳಿಸ್ತೀನಿ ಅಂದವ್ರು ಕಳಿಸ್ಲೇ ಇಲ್ವಲ್ಲೋ!”

ಅವನ ತಪ್ಪೇನೂ ಇಲ್ಲ. ಅವನು ಪ್ರೀತಿಯಿಂದಲೇ ಕೂಗಿದ್ದು.

ಮೊಕ್ತೇಸರರ ಕೈಯ ಮಂಡಕ್ಕಿ ಕೈಯಲ್ಲೇ ಉಳಿಯಿತು. ನಿಧಾನವಾಗಿ ಎದ್ದರು. “ನಿಮ್ಮ ತಂದೆಯವರು ಏನು ಮಾಡ್ತಾರೆ?”

ತಮಾ ಹೋಗಿ ನೀವು ಬಂದಿತ್ತು. ಅವರ ಮನೆಮಾತು ಹೋಗಿ ಶಾಲೆಯ ಕನ್ನಡ ಬಂದಿತ್ತು. ಮರ್ಯಾದೆ ಅಷ್ಟು ತಣ್ಣಗಿರುತ್ತದೆ ಎಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

“ಟೆಂಪೋ ಓಡಿಸ್ತಾರೆ.”

“ಹಾಗಾದರೆ ಅವರನ್ನು ನಾನು ಬಲ್ಲೆ. ನಮ್ಮ ಅಡಿಕೆಯನ್ನೂ ಹೇರಿದ್ದಾರೆ. ಅವರು ಯಾವತ್ತೂ ನಮ್ಮ ಹಾಗೆ ಮಾತಾಡಿದ್ದಿಲ್ಲ.”

“ನಾನು ಸುಳ್ಳು ಹೇಳಿಲ್ಲ. ನೀವು ಊರು ಕೇಳಿದ್ರಿ, ಊರು ಹೇಳಿದೆ.”

“ಊರು ಕೇಳಿದ್ದು ಯಾಕೆ ಅಂತ ನಿಮಗೂ ಗೊತ್ತಿತ್ತು.”

ಗೊತ್ತಿತ್ತು. ಇಲ್ಲಿ ಊರು ಕೇಳುವುದೆಂದರೆ ಊರು ಕೇಳುವುದಲ್ಲ. ಅವರು ಕೇಳಿದ್ದು ನನಗೆ ಗೊತ್ತು, ನಾನು ಜಾರಿಕೊಂಡದ್ದು ಅವರಿಗೆ ಈಗ ಗೊತ್ತಾಯಿತು. ಆ ಮಜ್ಜಿಗೆಯನ್ನು ಅವರು ಕೊಟ್ಟದ್ದು ನನಗಲ್ಲ, ನನ್ನ ಬಾಯಲ್ಲಿದ್ದ ಇನ್ನೊಬ್ಬನಿಗೆ. ಆ ಇನ್ನೊಬ್ಬನಿಗೆ ಹೆಣ್ಣು ಹುಡುಕುವುದಕ್ಕೂ ಹೊರಟಿದ್ದರು, ಪಾಪ.

ಶೀಷೆಗಳಲ್ಲಿ ಇನ್ನೂ ಹೆಚ್ಚೇನೂ ತುಂಬಿರಲಿಲ್ಲ. ಬುಟ್ಟಿಯಲ್ಲಿ ಮೀನು ಕಾದಿದ್ದವು. ಮೇಡಂ ನೀರಿನಿಂದ ಮೇಲೆ ಬಂದು ಕೈ ಒರೆಸಿಕೊಂಡರು. ‘ನಾನೇ ಹಾಗಿರು ಎಂದಿದ್ದೆ’ ಎಂದು ಹೇಳುತ್ತಾರೇನೋ ಎಂದು ಒಂದು ಕ್ಷಣ ಕಾದೆ.

“ಸರ್, ಇವನು ಜೀಪಲ್ಲೇ ಕೂತಿರ್ತಾನೆ. ಗುಂಡಿ ಹತ್ರ ಬರಲ್ಲ. ನಾನೊಬ್ಳೇ ಮಾಡ್ಕೋತೀನಿ, ಇನ್ನು ಸ್ವಲ್ಪ ಸಾಕು.”

ನನ್ನ ಕಡೆ ನೋಡಲಿಲ್ಲ. ಮೊಕ್ತೇಸರರು ಬುಟ್ಟಿಯನ್ನು ನೋಡಿದರು, ಮೇಡಂ ಅವರ ಒದ್ದೆ ಬಟ್ಟೆ ನೋಡಿದರು, ಗಂಟಲು ಸರಿಮಾಡಿಕೊಂಡರು. ಒಪ್ಪುವವರಿದ್ದರು. ದನಿ ಕದಿಯುವವನಿಗೆ ಅಷ್ಟು ತಿಳಿಯುತ್ತದೆ. ಇಲ್ಲ ಎನ್ನುವ ಮನುಷ್ಯ ಆ ರೀತಿ ಗಂಟಲು ಸರಿಮಾಡಿಕೊಳ್ಳುವುದಿಲ್ಲ. ನಾನು ಸುಮ್ಮನೆ ಜೀಪಿನ ಕಡೆ ನಡೆದಿದ್ದರೆ ಮೇಡಂಗೆ ಮೀನು ಸಿಗುತ್ತಿತ್ತು.

ನಡೆಯಲಿಲ್ಲ. ಮೊಳಕಾಲುದ್ದ ನೀರಿನಲ್ಲಿ ನಿಂತೇ, ಅವರದೇ ರೀತಿ ಗಂಟಲು ಸರಿಮಾಡಿಕೊಂಡು, ಅವರದೇ ರಾಗದಲ್ಲಿ ಎಳೆದೆ: “ಹಿಡಿದವ ಯಾರ ಪೈಕಿ ಹೇಳಿ ಮೀನು ಕೇಳ್ತಿಲ್ಲೆ ಭಾವಾ!”

ಸಿಲಿಂಡರಿನವನು ಗೊಳ್ಳೆಂದು ನಕ್ಕ. ಮೇಡಂ ಕಣ್ಣು ಮುಚ್ಚಿಕೊಂಡರು. ಮೊಕ್ತೇಸರರು ಕೈಯಲ್ಲಿದ್ದ ಮಂಡಕ್ಕಿಯನ್ನು ನೀರಿಗೆ ಹಾಕಿ, ದನಿ ಏರಿಸದೆ, ಒಂದು ಅಕ್ಷರವೂ ನನಗೆ ಕದಿಯಲು ಸಿಗದಂಥ ಸಪಾಟು ಕನ್ನಡದಲ್ಲಿ ಹೇಳಿದರು:

“ಹೌದು, ಮೀನು ಕೇಳುವುದಿಲ್ಲ. ಅದಕ್ಕೇ ಅದರ ಪರವಾಗಿ ಕೇಳಲಿಕ್ಕೆ ನಾವಿರುವುದು. ಬುಟ್ಟಿ ಬಿಚ್ಚಿ ಬಿಡಿ, ಶೀಷೆ ಇಲ್ಲೇ ಇಡಿ, ಇಬ್ಬರೂ ಹೊರಡಿ.”