ಗಿಳಿ ಹೇಳಿದ ಭವಿಷ್ಯ, ನಾಗ ಕೊಟ್ಟ ಉತ್ತರ

ಬನ್ನಿ ಮಹಾಜನರೇ, ಹತ್ತಿರ ಬನ್ನಿ! ಮೊಮ್ಮಗಳು ಓದಲು ಕೊಟ್ಟ ಕಾದಂಬರಿಯಲ್ಲಿ ಇಬ್ಬರು ಗೆಳತಿಯರು ಅಗಲುವುದೇ ವಿಧಿ ಎಂದು ಮೊದಲ ಪುಟದಲ್ಲೇ ಬರೆದಿದೆ. ಓದುತ್ತಲೇ ನನಗೆ ಮಲ್ಲೇಶ್ವರದ ಆ ಗಿಳಿಶಾಸ್ತ್ರದವನು ನೆನಪಾದ. ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನಾನೂ ಗೆಳೆಯ ನಾಗನೂ ಅವನ ಮುಂದೆ ಕೂತಿದ್ದೆವು. ಗಿಳಿ ಕೊಕ್ಕಿನಿಂದ ಚೀಟಿ ಎಳೆಯಿತು. "ನಿಮ್ಮಿಬ್ಬರ ಸ್ನೇಹ ನಿಲ್ಲಲ್ಲ," ಎಂದ ಅವನು.

ನಾನು ಅಳುತ್ತ ಮನೆಗೆ ಬಂದೆ. ಅಮ್ಮ ತುಪ್ಪದ ದೀಪ ಹಚ್ಚಿದಳು. ನಾಗನೋ, ಮರುದಿನ ಬೆಳಿಗ್ಗೆ ನಮ್ಮ ಗೇಟು ಅಲ್ಲಾಡಿಸಿದ.

"ಎದ್ದೇಳೋ! ಗಿಳಿ ಹೇಳ್ತು ಅಂತ ನಿನ್ನ ಬಿಟ್ಬಿಡ್ಲಾ? ತನ್ನ ಪಂಜರದ ಬಾಗಿಲು ತೆಗೆಯೋಕೇ ಬರಲ್ಲ ಅದಕ್ಕೆ!"

ಶಾಲೆ ಮುಗಿಯುವವರೆಗೂ ದಿನಾ ಅದೇ ಗೇಟು, ಅದೇ ಕೂಗು.

ಈಗ ಮಂಡಿನೋವಿನ ನಾಗ ವೈಯಾಲಿಕಾವಲ್‌ನ ಮನೆಯಿಂದ ಹೊರಬರುವುದಿಲ್ಲ. ಕಾದಂಬರಿಯ ಆ ಗೆಳತಿಯರು ಅಗಲಿದರೋ ಇಲ್ಲವೋ, ನನಗಿನ್ನೂ ಗೊತ್ತಿಲ್ಲ. ನಾಳೆ ಬೆಳಿಗ್ಗೆ ನಾನೇ ಹೋಗಿ ಅವನ ಗೇಟು ಅಲ್ಲಾಡಿಸುತ್ತೇನೆ. ಕೊನೆಯ ಅಧ್ಯಾಯವನ್ನು ಅವನೆದುರೇ ಗಟ್ಟಿಯಾಗಿ ಓದುತ್ತೇನೆ.