ತಿಂಡಿ ಸಹಿತ ಒಂದು ಕೋಣೆ

ಹಲಸೂರಿನಲ್ಲಿ ನಾವು ಬಾಡಿಗೆಗಿದ್ದದ್ದು ಮೇಲಿನ ಎರಡು ಕೋಣೆಗಳಲ್ಲಿ. ಕೆಳಗೆ ಓನರಮ್ಮನ ಸಂಸಾರ. ಶುಕ್ರವಾರ ಬಂತೆಂದರೆ ಅವರ ಮನೆಗೆ ಓಣಿಯ ಹೆಂಗಸರೆಲ್ಲ ಅರಿಸಿನ ಕುಂಕುಮಕ್ಕೆ ಬರುತ್ತಿದ್ದರು. "ಮೇಲಿರೋ ಅಮ್ಮನ್ನೂ ಕರೀರಿ" ಎನ್ನುವ ದನಿ ಕೇಳಿಸಿದ ಕೂಡಲೇ ನಮ್ಮವ್ವ ಒಣಗಿದ ಬಟ್ಟೆ ತರುತ್ತೇನೆಂದು ತಾರಸಿಗೆ ಹೋಗಿಬಿಡುತ್ತಿದ್ದಳು. ಮಳೆ ಹಿಡಿದು, ತಂತಿಯ ಮೇಲೆ ಒಂದು ಕರವಸ್ತ್ರವೂ ಇಲ್ಲದ ದಿನವೂ ಹೋಗುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಗುಲ್ಬರ್ಗಾದ ಮನೆ ಬಿಟ್ಟು ನನ್ನ ಜೊತೆಗಿರಲು ಬಂದವಳು ಅವಳು. "ಅವರಾಗಿಯೇ ಕರೀತಾರಲ್ಲ, ಹೋಗಬಾರದೇನು?" ಎಂದರೆ, "ಶುಭದಾಗ ನಾ ಯಾಕ ಅಡ್ಡ ನಿಂದರ್ಲಿ" ಎನ್ನುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. ಅವ್ವನ ಮೇಲಲ್ಲ, ಇದನ್ನು ಅವಳಿಗೆ ಕಲಿಸಿದ ಮಂದಿಯ ಮೇಲೆ. ಸತ್ತವನು ಅಪ್ಪ. ಇವಳು ಯಾಕೆ ಬದುಕಿದ್ದೂ ತಾರಸಿಯ ಮೇಲೆ ನಿಲ್ಲಬೇಕು?

ಒಮ್ಮೆಯಾದರೂ ಇವಳನ್ನು ಸುಮ್ಮನೆ ಸಂತೋಷಕ್ಕೆಂದು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕೆಂದು ನನಗೆ ಹಟ ಹುಟ್ಟಿತು. ದೇವರು, ಹರಕೆ, ಜವಳ ಎಂಬ ಯಾವ ನೆಪವೂ ಇಲ್ಲದೆ ಅವಳು ಊರು ಬಿಟ್ಟದ್ದೇ ಇಲ್ಲ. ಇಂದಿರಾನಗರದ ನನ್ನ ಆಫೀಸಿನಲ್ಲಿ ಪಕ್ಕದ ಸೀಟಿನವಳು ಮಡಿಕೇರಿಯವಳು. "ಹೋಟ್ಲೆಲ್ಲ ಬೇಡ ಕಣೇ, ನಮ್ಮೂರಲ್ಲಿ ಒಬ್ರು ಆಂಟಿ ಮನೇಲೇ ರೂಮ್ ಕೊಡ್ತಾರೆ. ಬೆಳಗ್ಗೆ ತಿಂಡಿನೂ ಅವ್ರದ್ದೇ. ಅಮ್ಮಂಗೆ ಮನೆ ಥರ ಇರುತ್ತೆ" ಎಂದಳು. ಅಂದೇ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ಕೋಣೆ ಹಿಡಿದೆ.

ಸುದ್ದಿ ಕೇಳಿ ಅವ್ವನಿಗೆ ಮಡಿಕೇರಿಗಿಂತ ತಿಂಡಿಯದೇ ಚಿಂತೆ. "ಮಂದಿ ಮನ್ಯಾಗ ಉಂಡು ರೊಕ್ಕಾ ಕೊಡೂದಾ? ಇಸಗೊಳ್ಳಾಕ ಅವರಿಗರೆ ನಾಚ್ಕಿ ಬರಂಗಿಲ್ಲೇನು?" ಎಂದು ಎರಡು ದಿನ ಗೊಣಗಿದಳು. ಮೂರನೆಯ ದಿನ ರೊಟ್ಟಿ ಬಡಿಯಲು ಕೂತಳು. ಕಟಕ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ, ಅದು ಸಾಲದೆಂದು ಒಂದು ಚೀಲ ಜೋಳದ ಹಿಟ್ಟು. ದಂಡಯಾತ್ರೆಗೆ ಹೊರಟ ಸೈನ್ಯಕ್ಕೂ ಅಷ್ಟು ಬುತ್ತಿ ಇರಲಿಕ್ಕಿಲ್ಲ. ಹೊತ್ತವಳು ಮಾತ್ರ ನಾನು.

ಮನೆ ಗುಡ್ಡದ ಇಳಿಜಾರಿನಲ್ಲಿತ್ತು. ಕಿಟಕಿ ತೆಗೆದರೆ ಕೆಳಗೆ ಊರಿನ ಹೆಂಚುಗಳು, ಅವುಗಳ ಮೇಲೆ ಮಂಜು. ಮನೆಯೊಡತಿ ಅವ್ವನಿಗಿಂತ ನಾಲ್ಕೈದು ವರ್ಷ ದೊಡ್ಡವರು. ಎತ್ತರದ ಆಳು, ಕೊಡಗಿನವರ ಹಾಗೆ ನೆರಿಗೆ ಹಿಂದಕ್ಕೆ ಉಟ್ಟ ಸೀರೆ, ಹಣೆಯಲ್ಲಿ ದುಂಡನೆಯ ಬೊಟ್ಟು. ಮೊದಲ ಬೆಳಿಗ್ಗೆ ಮೇಜಿನ ಮೇಲೆ ಹಬೆಯಾಡುವ ಕಡುಬು ತಂದಿಟ್ಟರು. ಅಕ್ಕಿತರಿಯ ಉಂಡೆ, ಜೊತೆಗೆ ಕಡಲೆ ಸಾರು. ಅವ್ವ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು, ಆ ಕಡುಬಿನ ಎದುರಿಗೇ ತನ್ನ ರೊಟ್ಟಿ ಗಂಟು ಬಿಚ್ಚಿದಳು. ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು.

"ಯಾಕೆ, ನಮ್ಮ ತಿಂಡಿ ಬೇಡ್ವಾ?" ಎಂದರು ಅವರು. ಮುಖ ಸಣ್ಣದಾಗಿತ್ತು.

"ತಪ್ಪು ತಿಳೀಬ್ಯಾಡ್ರಿ. ನಿಮ್ಮ ಮನ್ಯಾಗ ಮಾಂಸ ಬೇಯ್ತದಲ್ಲ."

"ಬೇಯ್ತದೆ. ಆದ್ರೆ ಈ ಪಾತ್ರೇಲಲ್ಲ. ಬನ್ನಿ, ನೀವೇ ನೋಡಿ."

ಅವ್ವ ನಿಜಕ್ಕೂ ಎದ್ದು ಅಡುಗೆಮನೆಗೆ ಹೋದಳು. ನಾನು ಎರಡನೆಯ ಲೋಟ ಕಾಫಿ ಮುಗಿಸುವವರೆಗೂ ಒಳಗಿನಿಂದ ಪಾತ್ರೆಗಳ ಸದ್ದು, ಆಮೇಲೆ ಮಾತು, ಆಮೇಲೆ ನಗು. ಹೊರಗೆ ಬಂದವಳು ಕೂತು ಮೂರು ಕಡುಬು ತಿಂದಳು. ರೊಟ್ಟಿ ಗಂಟು ಮನೆಯೊಡತಿಯ ಕೈಯಲ್ಲಿತ್ತು.

ಪ್ರವಾಸಿಗಳು ನೋಡಬೇಕಾದದ್ದನ್ನೆಲ್ಲ ನೋಡಿದೆವು. ಕೋಟೆಯೊಳಗಿನ ಗಾರೆಯ ಆನೆಗಳನ್ನು ಅವ್ವ ಸುತ್ತು ಹಾಕಿ ನೋಡಿ, "ಸಾಕೂದು ಸುಲಭ" ಎಂದಳು. ಓಂಕಾರೇಶ್ವರನ ಕೆರೆಯ ಮೀನುಗಳಿಗೆ ಪುರಿ ಹಾಕಿದಳು. ಅಬ್ಬಿ ಜಲಪಾತದ ಎದುರು ಮುಖವೆಲ್ಲ ಒದ್ದೆಯಾಗುವವರೆಗೂ ನಿಂತು, ಇಷ್ಟು ನೀರು ಯಾರಪ್ಪಂದು ಎಂದು ಕೇಳಿದಳು. ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಲು ಸೇರಿದ್ದ ನೂರಾರು ಜನಕ್ಕೆ ಮಂಜು ಬಿಟ್ಟರೆ ಬೇರೇನೂ ಕಾಣಲಿಲ್ಲ. ಎಲ್ಲರೂ ಆ ಬಿಳುಪನ್ನೇ ದಿಟ್ಟಿಸುತ್ತಿದ್ದಾಗ ಅವ್ವ ಮೆಲ್ಲಗೆ, "ಬೆಂಗಳೂರು ಮಂದಿಗಿ ಏನೂ ಕಾಣದಿದ್ರೂ ನಡೀತದ ನೋಡು" ಎಂದಳು. ಆಗಿನ್ನೂ ಅವಳು ತನ್ನನ್ನು ಬೆಂಗಳೂರಿಗೆ ಸೇರಿಸಿಕೊಂಡಿರಲಿಲ್ಲ. ಅವಳು ಚೇಷ್ಟೆ ಮಾಡಿ ಎಷ್ಟೋ ಕಾಲವಾಗಿತ್ತು. ನನಗೆ ತುಂಬ ಖುಷಿಯಾಯಿತು.

ಎರಡನೆಯ ಬೆಳಿಗ್ಗೆ ನನಗೆ ಎಚ್ಚರವಾದದ್ದು ರೊಟ್ಟಿ ಬಡಿಯುವ ಸದ್ದಿಗೆ. ಅವ್ವ ತನ್ನ ಹಿಟ್ಟಿನ ಚೀಲದೊಂದಿಗೆ ಆ ಅಡುಗೆಮನೆಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಮನೆಯೊಡತಿ ಒಂದು ರೊಟ್ಟಿಯನ್ನು ಬಡಿಯಲು ಹೋಗಿ ಅದನ್ನು ಮೂರು ಚೂರು ಮಾಡಿದ್ದರು. ಬಿಸಿ ರೊಟ್ಟಿ, ಬೆಣ್ಣೆ ಹಿಡಿದು ಮೂವರೂ ಜಗಲಿಗೆ ಬಂದೆವು. ಅಲ್ಲಿ ಅವ್ವ ಕೇಳಿದಳು, "ನಿಮ್ಮ ಯಜಮಾನರು ಎಲ್ಲಿ ಹೋಗ್ಯಾರ? ಬಂದಾಗಿಂದ ಕಾಣವಲ್ಲರು."

"ಅವ್ರು ಹೋಗಿ ಹತ್ತು ವರ್ಷ ಆಯ್ತು."

ಅವ್ವನ ಕಣ್ಣು ಅವರ ಹಣೆಯ ಮೇಲೆ ನಿಂತುಬಿಟ್ಟಿತು. ಅವರಿಗೆ ಗೊತ್ತಾಯಿತು. "ಇದಾ? ಇದು ಮದುವೆಗೆ ಮೊದಲೂ ಇತ್ತಲ್ಲ" ಎಂದು ಇನ್ನೊಂದು ತುಂಡು ರೊಟ್ಟಿ ಮುರಿದುಕೊಂಡರು.

ಹೊರಡುವ ದಿನ ಅವರು ನನ್ನನ್ನು ಒಳಗೆ ಕರೆದು, "ನಿಮ್ಮಮ್ಮನ್ನ ಬರಿಗೈಲಿ ಕಳಿಸೋಕೆ ಮನಸ್ಸಿಲ್ಲ. ನಿಮ್ಮ ಕಡೆ ಮನೆಯಿಂದ ಹೊರಡೋ ಹೆಂಗಸಿಗೆ ಏನು ಕೊಡ್ತೀರಿ?" ಎಂದು ಕೇಳಿದರು. ಉಡಿ ತುಂಬುತ್ತೇವೆ, ಅಕ್ಕಿ, ಕೊಬ್ಬರಿ, ಎಲೆಅಡಿಕೆ, ಕುಬಸದ ಬಟ್ಟೆ ಎಲ್ಲ ಸೆರಗಿಗೆ ಹಾಕಿ ಕಳಿಸುತ್ತೇವೆ ಎಂದೆ. ಅದು ಮುತ್ತೈದೆಯರಿಗೆ ಮಾತ್ರ ಎನ್ನುವುದನ್ನು ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲ. ಹೇಳಬೇಕಿತ್ತು ಎಂದು ಇವತ್ತಿಗೂ ಅನಿಸಿಲ್ಲ.

ಅವ್ವ ಚಪ್ಪಲಿ ಮೆಟ್ಟಿ ಜಗಲಿಯಲ್ಲಿ ನಿಂತಿದ್ದಳು. ಅವರು ಮೊರ ಹಿಡಿದು ಬಂದರು. ಅಕ್ಕಿ, ಮೇಲೆ ರವಿಕೆ ಬಟ್ಟೆ, ಕೊಬ್ಬರಿಯ ಬದಲು ಅವರ ಹಿತ್ತಿಲಿನ ಕಿತ್ತಳೆ, ಒಂದು ಹಿಡಿ ಕಾಳುಮೆಣಸು.

"ಸೆರಗು ಒಡ್ಡಿ."

ಅವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ನನಗ ಬ್ಯಾಡ್ರೀ. ನಾ ತುಂಬಿಸ್ಕೊಳ್ಳಂಗಿಲ್ಲ. ಮಗಳಿಗಿ ತುಂಬ್ರಿ."

"ರೊಟ್ಟಿ ಬಡಿದು ಕೊಟ್ಟಿದ್ದು ನಿಮ್ಮ ಮಗಳಲ್ಲ."

"ಹಾಂಗಲ್ರೀ, ನಮ್ಮ ಕಡಿ ನನ್ನಂಥವರಿಗಿ..."

"ನಾನೂ ನಿಮ್ಮಂಥವಳೇ. ಮೊರ ಭಾರ ಇದೆ, ಕೈ ನೋಯ್ತಾ ಇದೆ ನಂಗೆ."

ಅವ್ವ ನನ್ನ ಕಡೆ ನೋಡಿದಳು. ನಾನು ಬ್ಯಾಗಿನ ಜಿಪ್ಪು ಸರಿಮಾಡುತ್ತಿರುವವಳ ಹಾಗೆ ಬಗ್ಗಿದೆ. ಉಡಿ ತುಂಬುವವರೂ ಮುತ್ತೈದೆಯಲ್ಲ, ತುಂಬಿಸಿಕೊಳ್ಳಬೇಕಾದವಳೂ ಅಲ್ಲ; ಊರಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಜನ ಹಿರಿಯರು ಅಡ್ಡ ಬರುತ್ತಿದ್ದರು. ಇಲ್ಲಿ ಯಾರೂ ಇರಲಿಲ್ಲ. ಅವ್ವ ಒಮ್ಮೆ ರಸ್ತೆಯತ್ತ ನೋಡಿ, ಚಪ್ಪಲಿ ಕಳಚಿ, ಎರಡೂ ಕೈಯಲ್ಲಿ ಸೆರಗು ಹಿಡಿದಳು. ಅಕ್ಕಿ ಬಿತ್ತು, ಅದರ ಮೇಲೆ ಕಿತ್ತಳೆ. ನಾನು ಜಿಪ್ಪನ್ನೇ ಎಳೆಯುತ್ತ ಅಳುತ್ತಿದ್ದೆ.

ಬಸ್ಸಿನಲ್ಲಿ ಆ ಗಂಟನ್ನು ಬ್ಯಾಗಿಗೆ ಹಾಕುತ್ತೇನೆಂದರೆ ಕೊಡಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡೂ ಕೈ ಅದರ ಮೇಲಿಟ್ಟು ಕೂತಿದ್ದಳು. ಕುಶಾಲನಗರದಲ್ಲಿ ಹತ್ತಿದ ಹೆಂಗಸೊಬ್ಬಳು ಅವಳ ಪಕ್ಕಕ್ಕೆ ಕೂತು, ಕಿತ್ತಳೆಯ ವಾಸನೆ ಹಿಡಿದು, "ಏನಮ್ಮ ಮಡಿಲಲ್ಲಿ? ಹಣ್ಣು ಕೊಂಡ್ರಾ?" ಎಂದು ಕೇಳಿದಳು.

"ಕೊಂಡಿದ್ದಲ್ಲ ಯವ್ವಾ" ಎಂದಳು ಅವ್ವ, ಹಿಂದಿನ ಸೀಟಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ. "ತವರಮನಿಗಿ ಹೋಗಿದ್ದೆ. ಉಡಿ ತುಂಬಿ ಕಳಿಸ್ಯಾರ."